ಕುಂತರ ನಡೀತದ

ಪುಣೆಯ ಖರಾಡಿಯಲ್ಲಿನ ಹೊಸ ಕಟ್ಟಡಕ್ಕೆ ನಮ್ಮ ಆಫೀಸು ಬಂದ ಮೇಲೆ ಒಮ್ಮೆ ಒಂದು ದಿನದ ತರಬೇತಿ ಇಟ್ಟಿದ್ದರು. ಅಂಗವಿಕಲರನ್ನು, ಹೆಂಗಸರನ್ನು, ಬೇರೆ ಭಾಷೆಯವರನ್ನು ಜೊತೆಗೆ ಕರೆದುಕೊಂಡು ಹೋಗುವ ನಾಯಕತ್ವ ಹೇಗಿರಬೇಕು ಅನ್ನುವುದು ವಿಷಯ. ನಾನು ಈ ಮೂರೂ ಆಗಿದ್ದರಿಂದ ನನ್ನನ್ನೇ ವೇದಿಕೆಯ ಮೇಲೆ ಕೂಡಿಸಿದರು. ಒಬ್ಬಳಲ್ಲೇ ಮೂರು ಕೆಲಸ ಮುಗಿಯಿತಲ್ಲ. "ನಿಮ್ಮ ಅನುಭವ ಹೇಳಿ ಮೇಡಂ, ಸ್ವಲ್ಪ ಇನ್‌ಸ್ಪೈರಿಂಗ್ ಆಗಿರ್ಲಿ" ಎಂದು ಬೆಂಗಳೂರು ಕಡೆಯ ಹುಡುಗಿಯೊಬ್ಬಳು ಕಿವಿಯಲ್ಲಿ ಹೇಳಿದಳು. ನಾನು ಹತ್ತು ನಿಮಿಷ ಸಕ್ಕರೆ ಬೆರೆಸಿ ಮಾತಾಡಿದೆ. ಚಪ್ಪಾಳೆ ಬಿತ್ತು. ಮನೆಗೆ ಬಂದ ಮೇಲೆ ನನಗೇ ನಾಚಿಕೆಯಾಯಿತು, ಯಾಕೆಂದರೆ ಹೇಳಿದ್ದರಲ್ಲಿ ಅರ್ಧ ಸುಳ್ಳು. ನಿಜವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ಸ್ಫೂರ್ತಿ ಗೀರ್ತಿ ಏನೂ ಇಲ್ಲ, ಸೇಡಿದೆ.

ಎರಡನೇ ವರ್ಷಕ್ಕೆ ಪೋಲಿಯೊ ಬಂದು ನನ್ನ ಎಡಗಾಲು ಸೊರಗಿತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್ ಹಾಕಿಕೊಂಡೇ ಬೆಳೆದೆ. ಅಪ್ಪ ಪುಣೆಯ ಅರಿವೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ನಾನು ಬಿಜಾಪುರದಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆ, ಕಾಲೇಜು ಮುಗಿಸಿ, ತೊಂಬತ್ತರ ದಶಕದ ಮೊದಲಲ್ಲಿ ಪುಣೆಯಲ್ಲಿ ಅಪ್ಪನಿದ್ದ ಧನಕವಡಿಯ ಎರಡು ಖೋಲಿಯ ಮನೆಗೆ ಬಂದೆ. ಎರಡು ವರ್ಷ ಅಲ್ಲೇ ಟೈಪಿಂಗ್ ಕಲಿತೆ, ಟೆಲಿಫೋನ್ ಬೋರ್ಡು ಕಲಿತೆ, ಜೊತೆಯ ಹುಡುಗಿಯರಿಂದ ಬೈಗುಳದ ಸಮೇತ ಮರಾಠಿ ಕಲಿತೆ. ಆದರೆ ಅರ್ಜಿಯಲ್ಲಿ ಮರಾಠಿ ಬರೆಯುವುದಕ್ಕೆ ಜಾಗ ಇರಲಿಲ್ಲ. ಶಾಲೆ ಬಿಜಾಪುರ, ಕಾಲೇಜು ಬಿಜಾಪುರ ಎಂದಷ್ಟೇ ಇತ್ತು. ಮುಂದಿನದೆಲ್ಲ ಶುರುವಾದದ್ದು ಅಲ್ಲಿಂದ.

ಯೆರವಡಾದಲ್ಲಿ ನೀರಿನ ಪಂಪು ಮಾಡುವ ಕಂಪನಿಯೊಂದರ ಆಫೀಸು. ಟೆಲಿಫೋನ್ ಆಪರೇಟರ್ ಬೇಕಾಗಿತ್ತು. ಸಂದರ್ಶನಕ್ಕೆ ಇಬ್ಬರು ಕೂತಿದ್ದರು. ಒಬ್ಬರು ಮರಾಠಿ ಅಧಿಕಾರಿ. ಇನ್ನೊಬ್ಬರು ಮಾರಾಟ ವಿಭಾಗದ ಸಾಹೇಬರು, ನಮ್ಮ ಬಿಜಾಪುರ ಕಡೆಯವರೇ. ಇಲ್ಲಿ ಸಾಹೇಬರು ಎಂದು ಬಹುವಚನ ಹಾಕುತ್ತಿರುವುದು ರೂಢಿಗೆ, ಗೌರವಕ್ಕಲ್ಲ. ಮರಾಠಿಯವರು ನನ್ನ ಕಾಲು ನೋಡಿ ಸಾಹೇಬರನ್ನು ಕೇಳಿದರು: "ಹೀ ಚಾಲೇಲ ಕಾ?"

ಮರಾಠಿಯಲ್ಲಿ 'ಚಾಲೇಲ' ಅಂದರೆ ಆದೀತು ಅಂತಲೂ ಹೌದು, ನಡೆದಾಳು ಅಂತಲೂ ಹೌದು. ನಮ್ಮಲ್ಲಿ 'ನಡೀತದ' ಅನ್ನುತ್ತೇವಲ್ಲ, ಥೇಟ್ ಹಾಗೆ. ಆ ಮನುಷ್ಯ ಕೇಳಿದ್ದು ಈಕೆ ಆದಾಳೇ ಎಂದು ಇರಬಹುದು. ಸಾಹೇಬರು ಮಾತ್ರ ನನ್ನ ಕ್ಯಾಲಿಪರನ್ನೇ ನೋಡುತ್ತ ಹೇಳಿದರು: "ಬಸಲೀ ತರ ಚಾಲೇಲ." ಕೂತರೆ ನಡೆದಾಳು. ಇಬ್ಬರೂ ಹೊಟ್ಟೆ ಕುಣಿಯುವಂತೆ ನಕ್ಕರು.

ಆಮೇಲೆ ಸಾಹೇಬರು ನನ್ನ ಕಡೆ ತಿರುಗಿ ಕನ್ನಡದಲ್ಲಿ, ಬೆಣ್ಣೆ ಹಚ್ಚಿದ ದನಿಯಲ್ಲಿ ಹೇಳಿದರು. "ಏನಿಲ್ಲವಾ ತಂಗಿ, ಕುಂತು ಮಾಡೂ ಕೆಲಸ ಅದ. ಕುಂತರ ನಡೀತದ ಅಂತ ಹೇಳಿದೆ."

ನನಗೆ ಮರಾಠಿ ಬರುವುದಿಲ್ಲ ಅಂತ ಅವರ ಎಣಿಕೆ. ಮೈಯೆಲ್ಲ ಉರಿಯಿತು. ಆದರೂ ಕೆಲಸ ಬೇಕಿತ್ತು. "ಭಾಳ ಉಪಕಾರ ಆತ್ರಿ ಸರ" ಅಂದೆ. ಆ ಮಾತನ್ನು ನಾನು ಅವತ್ತೇ ಗಂಟು ಕಟ್ಟಿ ಇಟ್ಟುಕೊಂಡೆ. ಮುಂದೆಯೂ ಅವರ ಎದುರಿಗೆ ಕನ್ನಡ, ಹಿಂದಿ ಬಿಟ್ಟು ಮರಾಠಿಯ ಒಂದು ಮಾತು ಆಡಲಿಲ್ಲ.

ಆಫೀಸಿಗೆ ಎರಡು ಮಹಡಿ, ಲಿಫ್ಟ್ ಇಲ್ಲ. ಎಲ್ಲ ವಿಭಾಗಗಳೂ ಮೇಲೆ. ಕೆಳಗೆ ಗೋದಾಮು, ಮೆಟ್ಟಿಲ ಕೆಳಗೆ ಪ್ಲೈವುಡ್ ಹೊಡೆದು ಮಾಡಿದ ನನ್ನ ಗೂಡು. ಯಾರು ಹತ್ತಿದರೂ ಇಳಿದರೂ ನನ್ನ ತಲೆಯ ಮೇಲೆಯೇ ಕಾಲು. ಹೆಂಗಸರ ಟಾಯ್ಲೆಟ್ ಮೊದಲನೇ ಮಹಡಿಯಲ್ಲಿ. ಹಾಗಾಗಿ ನಾನು ಮುಂಜಾನೆ ಸ್ವಾರಗೇಟ್‌ನಲ್ಲಿ ಬಸ್ಸು ಬದಲಿಸುವಾಗಲೇ ನೀರು ಕುಡಿಯುವುದನ್ನು ನಿಲ್ಲಿಸುತ್ತಿದ್ದೆ. ಸಂಜೆ ಮನೆ ಮುಟ್ಟಿದ ಮೇಲೆಯೇ ಮತ್ತೆ ಬಾಯಿಗೆ ನೀರು. ಏಳು ವರ್ಷ ಹೀಗೆ. ಪುಣೆಯ ಏಪ್ರಿಲ್ ತಿಂಗಳಲ್ಲಿ ಇಡೀ ದಿನ ಮಾತಾಡುವುದೇ ಕೆಲಸವಾಗಿರುವ ಒಬ್ಬಳು ನೀರು ಕುಡಿಯದೆ ಕೂತಿರುತ್ತಾಳೆ ಅನ್ನುವುದು ಮೇಲಿನ ಒಬ್ಬರಿಗೂ ಹೊಳೆಯಲಿಲ್ಲ.

ಹೊಳೆದದ್ದು ಒಬ್ಬಳಿಗೆ. ಆಫೀಸಿನ ಕಸ ಹೊಡೆದು, ಚಹಾ ಕೊಟ್ಟು, ಫೈಲು ಹೊರುವ ಐವತ್ತು ದಾಟಿದ ಮರಾಠಿ ಹೆಂಗಸು. ಎಲ್ಲರೂ ಆಕೆಯನ್ನು ಮಾವಶಿ ಅನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ಗಂಡ ತೀರಿಕೊಂಡಿದ್ದ, ಯೆರವಡಾದ ಬಡವರ ವಸ್ತಿಯಲ್ಲೇ ಮನೆ. ಆಕೆ ನನ್ನನ್ನು 'ಪೋರಿ' ಅನ್ನುತ್ತಿದ್ದಳು, ಹುಡುಗಿ ಎಂದು. ತುಟಿ ಒಣಗಿದ್ದು ಕಂಡರೆ ಕಿತ್ತಲೆಯ ಎರಡು ತೊಳೆ ತಂದು ಮೇಜಿನ ಮೇಲಿಟ್ಟು ಹೋಗುತ್ತಿದ್ದಳು.

ಬೋರ್ಡಿನಲ್ಲಿ ಕೂತವಳಿಗೆ ಕಾಲಿಲ್ಲ, ದನಿ ಮಾತ್ರ. ಅದು ನನಗೆ ಬಹಳ ಸೇರಿತು. ಬಾಗಲಕೋಟೆ, ಹುಬ್ಬಳ್ಳಿ, ಬೆಳಗಾವಿ ಕಡೆಯ ವ್ಯಾಪಾರಿಗಳು ಫೋನು ಮಾಡಿದರೆ ಮೊದಲು ಸಿಗುತ್ತಿದ್ದವಳು ನಾನು. ಕನ್ನಡ ಕಿವಿಗೆ ಬಿದ್ದ ಕೂಡಲೇ ಅವರ ಬಾಯಿ ಬಿಚ್ಚಿಕೊಳ್ಳುತ್ತಿತ್ತು. "ಅಕ್ಕಾರ, ಮೋಟರ ತಿರಗತದ್ರಿ, ನೀರ ಜಗ್ಗವಲ್ದು ನೋಡ್ರಿ" ಅನ್ನುತ್ತಿದ್ದರು. ಜಗ್ಗವಲ್ದು ಅಂದರೆ ಸೆಳೆಯುತ್ತಿಲ್ಲ ಎಂದು. ನಾನು ಕೇಳುತ್ತಿದ್ದೆ: ಪೈಪಿನ ತುದಿಯ ಫುಟ್‌ವಾಲ್ವ್ ನೋಡಿದಿರಾ, ಪೈಪಿನಲ್ಲಿ ಗಾಳಿ ಸೇರಿದೆಯೇ. ಕೇಳಿ ಕೇಳಿ ನನಗೇ ಪಂಪಿನ ವೈದ್ಯಕೀಯ ಬಂದುಬಿಟ್ಟಿತು. ಅರ್ಧ ದೂರುಗಳು ಮೇಲೆ ಹೋಗುವ ಮೊದಲೇ ಬಗೆಹರಿಯುತ್ತಿದ್ದವು. ಮೇಲೆ ಸಾಹೇಬರು "ಕರ್ನಾಟಕ ಭಾಗ ನಾನು ನೋಡ್ಕೊಂಡೀನಿ, ಒಂದ ಕಂಪ್ಲೇಂಟ್ ಇಲ್ಲ" ಎಂದು ಮೀಸೆ ತಿರುವುತ್ತಿದ್ದರು. ನಾನು ಫೋನಿನಲ್ಲಿ ಕನ್ನಡ ಮಾತಾಡುವುದನ್ನು ಕೇಳಿ ಕೆಲವರು 'ಯಂಡುಗುಂಡು' ಎಂದು ಅಣಕಿಸುವಾಗ ಅದೇ ಸಾಹೇಬರು ಜೊತೆಗೆ ನಗುತ್ತಿದ್ದರು. ಮೆಟ್ಟಿಲಿಳಿದು ನನ್ನ ಗೂಡಿನ ಮುಂದೆ ಒಬ್ಬರೇ ಬಂದಾಗ ಮಾತ್ರ "ಏನವಾ ತಂಗಿ, ಮನ್ಯಾಗ ಎಲ್ಲಾ ಆರಾಮ?" ಎಂದು ಕನ್ನಡ ಬರುತ್ತಿತ್ತು.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಕರ್ನಾಟಕದ ದೂರುಗಳಿಗೇ ಒಂದು ಪ್ರತ್ಯೇಕ ವಿಭಾಗ ಮಾಡಿದರು. ಅದಕ್ಕೆ ಒಬ್ಬ ಇನ್‌ಚಾರ್ಜ್ ಬೇಕು ಎಂದು ಒಳಗಿನವರಿಂದಲೇ ಅರ್ಜಿ ಕರೆದರು. ನಾನು ಹಾಕಿದೆ. ಆ ಕುರ್ಚಿ ನನಗೆ ಎಷ್ಟು ಬೇಕಾಗಿತ್ತು ಅಂದರೆ, ರಾತ್ರಿ ಕ್ಯಾಲಿಪರ್ ಬಿಚ್ಚುವಾಗಲೂ ಅದೇ ಧ್ಯಾನ. ಕೆಲಸ ಆಗಲೇ ನಾನು ಮಾಡುತ್ತಿದ್ದೆ. ಮಾಡುವವಳು ಇವಳು ಎಂದು ನಾಲ್ಕು ಜನ ನೋಡಲಿ ಅನ್ನುವುದಷ್ಟೇ ಆಸೆ.

ಆ ವರ್ಷದ ಖಂಡೇನವಮಿಗೆ ಮೇಲೆ ಪಂಪು, ಟೈಪ್‌ರೈಟರುಗಳಿಗೆ ಚೆಂಡುಹೂವು ಹಾಕಿ ಪೂಜೆ ಇಟ್ಟಿದ್ದರು. ಬೇರೆ ವರ್ಷ ಪ್ರಸಾದ ಕೆಳಗೆ ಬರುತ್ತಿತ್ತು. ಆ ವರ್ಷ ನಾನೇ ಹತ್ತಿದೆ, ಬೇಕಂತಲೇ. ಮಾವಶಿ ಒಂದು ಕಡೆ ತೋಳು ಹಿಡಿದಳು, ಇನ್ನೊಂದು ಕೈ ಕಂಬಿಗೆ. ಎರಡೂ ಮಹಡಿಯ ಅಷ್ಟೂ ಮೆಟ್ಟಿಲು ಹತ್ತಿ ಬೆವರು ಒರೆಸಿಕೊಂಡು ಪೂಜೆಯ ಮುಂದೆ ನಿಂತೆ. ಸಾಹೇಬರು ತಮ್ಮ ಕೈಯಾರೆ ನನಗೆ ಪೇಢೆ ಕೊಟ್ಟರು. "ಬಂದೆಲ್ಲವಾ ಮ್ಯಾಲ, ಶಾಣ್ಯಾಕಿ" ಅಂದರು.

ಎಂಟು ದಿನವಾಗಿರಬೇಕು. ಮಾವಶಿ ಒಂದು ಫೈಲು ಹಿಡಿದು ನನ್ನ ಗೂಡಿನ ಮುಂದೆ ನಿಂತಳು. ಆಕೆಗೆ ಓದಲು ಬರುತ್ತಿರಲಿಲ್ಲ. ಆದರೆ ನನ್ನ ಅರ್ಜಿಗೆ ಅಂಟಿಸಿದ್ದ ಫೋಟೊ ಗುರುತು ಹಿಡಿದಿದ್ದಳು. "ಹ್ಯಾತ ತುಝಂ ಕಾಹೀತರೀ ಆಹೇ. ವಾಚ ಪಟಕನ" ಅಂದಳು. ಇದರಲ್ಲಿ ನಿನ್ನದೇನೋ ಇದೆ, ಬೇಗ ಓದು ಎಂದು. ಸಿಕ್ಕಿಬಿದ್ದರೆ ಆಕೆಯ ಕೆಲಸ ಹೋಗುತ್ತಿತ್ತು. ನಾನು ಓದಿದೆ. ಸಾಹೇಬರ ಟಿಪ್ಪಣಿ, ಇಂಗ್ಲಿಷಿನಲ್ಲಿ ಎರಡು ಸಾಲು. ಅರ್ಜಿದಾರಳು ಮೆಟ್ಟಿಲು ಹತ್ತಲು ಅಸಮರ್ಥಳು, ವಿಭಾಗ ಎರಡನೇ ಮಹಡಿಯಲ್ಲಿದೆ, ಆದ್ದರಿಂದ ಪರಿಗಣಿಸಬೇಕಾಗಿಲ್ಲ.

ಪೇಢೆ ಕೊಟ್ಟ ಕೈ ಬರೆದದ್ದು ಅದು.

ಮರುದಿನ ಅವರೇ ಕೆಳಗಿಳಿದು ಬಂದರು. ಮುಖ ಬಾಡಿಸಿಕೊಂಡು "ಮ್ಯಾಲಿನವರು ಒಪ್ಪಲಿಲ್ಲವಾ ತಂಗಿ. ನಾ ಭಾಳ ಹೇಳಿ ನೋಡಿದೆ" ಅಂದರು.

"ಇರಲಿ ಬಿಡ್ರಿ ಸರ. ನೀವರೆ ಏನ ಮಾಡ್ತೀರಿ" ಅಂದೆ.

ಜನ ಸಿಟ್ಟು ಬಂದರೆ ಕೂಗಾಡುತ್ತಾರೆ. ನಾನು ತಣ್ಣಗಾಗುತ್ತೇನೆ. ಅವತ್ತಿನಿಂದ ಅವರ ಫೋನು ಜೋಡಿಸಿ ಕೊಡುವಾಗಲೆಲ್ಲ ನನ್ನ ದನಿ ಇನ್ನಷ್ಟು ಮೆತ್ತಗಾಯಿತು. ಒಂದು ದಿನ ಈ ಮನುಷ್ಯ ನನ್ನ ಮುಂದೆ ನಡೆದು ಬಂದು ನಿಲ್ಲಬೇಕು, ನಾನು ಕೂತಿರಬೇಕು ಎಂದು ದಿನಾ ಅಂದುಕೊಳ್ಳುತ್ತಿದ್ದೆ. ದೇವರ ಮುಂದೆ ದೀಪ ಹಚ್ಚುವಾಗಲೂ ಅಂದುಕೊಂಡಿದ್ದೇನೆ. ಮುಚ್ಚಿಡುವುದೇನು.

ಕುರ್ಚಿಗೆ ಬಂದವನು ಮೈಸೂರು ಕಡೆಯ ಒಬ್ಬ ತರುಣ. ಓದಿದವನು, ಸಭ್ಯ, ಎರಡೂ ಕಾಲು ಗಟ್ಟಿ. ಕರ್ನಾಟಕದ ಫೋನುಗಳು ಇನ್ನು ನನ್ನ ಬೋರ್ಡು ಮುಟ್ಟದೆ, ಬೇರೆ ಲೈನಿನಲ್ಲಿ ನೇರ ಅವನ ಮೇಜಿಗೇ ಹೋಗತೊಡಗಿದವು. ಅವನದೇನೂ ತಪ್ಪಿಲ್ಲ, ಪಾಪ, ಅವನಿಗೆ ನಮ್ಮ ಕಡೆಯ ಮಾತು ಬರುತ್ತಿರಲಿಲ್ಲ, ಅಷ್ಟೇ. ಒಮ್ಮೆ ಬಾಗಲಕೋಟೆಯ ದೊಡ್ಡ ವ್ಯಾಪಾರಿಯೊಬ್ಬರು ಫೋನು ಮಾಡಿ "ನೀವು ಕಳಿಸಿದ ಹೊಸಾ ಪಂಪ ಒಂದೂ ಜಗ್ಗವಲ್ದು" ಎಂದು ಹೇಳಿದರು. ಅವನ ಊರಿನಲ್ಲಿ ಜಗ್ಗಲ್ಲ ಅಂದರೆ ಅಲ್ಲಾಡುವುದಿಲ್ಲ, ಯಾವುದಕ್ಕೂ ಮಣಿಯುವುದಿಲ್ಲ ಎಂದು. ಅವನು ರಿಪೋರ್ಟಿನಲ್ಲಿ ಬರೆದ: ಪಂಪುಗಳು ಗಟ್ಟಿಯಾಗಿ ಕೂತಿವೆ, ಒಂದೂ ಅಲುಗುತ್ತಿಲ್ಲ, ಗ್ರಾಹಕರು ಸಂತುಷ್ಟರು. ಸಾಹೇಬರು ಓದದೆ ಸಹಿ ಹಾಕಿದರು. ಬಾಗಲಕೋಟೆಯವರು ಮೂರು ಸಲ ಹೇಳಿದರು, ಮೂರು ಸಲವೂ ಸಂತುಷ್ಟರಾದರು. ನಾಲ್ಕನೇ ಸಲ ಪಂಪೆಲ್ಲ ಲಾರಿಗೆ ಹೇರಿ ವಾಪಸ್ಸು ಕಳಿಸಿಬಿಟ್ಟರು.

ಹೊಸ ಶತಮಾನ ಹುಟ್ಟಿ ಒಂದೆರಡು ವರ್ಷವಾಗಿತ್ತು. ಮುಂಬಯಿಯಿಂದ ಹೊಸ ಜನರಲ್ ಮ್ಯಾನೇಜರ್ ಬಂದಿದ್ದರು, ನಡುವಯಸ್ಸಿನ ಹೆಂಗಸು, ನೆಟ್ಟಗಿನ ಮಾತು. ಬಾಗಲಕೋಟೆಗೆ ತಾವೇ ಫೋನು ಮಾಡಿ ಕ್ಷಮೆ ಕೇಳಿದರಂತೆ. ಆ ವ್ಯಾಪಾರಿ ತಮ್ಮ ಹರಕು ಹಿಂದಿಯಲ್ಲಿ "ಮೊದಲು ಒಬ್ಬರು ಅಕ್ಕಾರ ಇದ್ದರು, ಅವರಿಗೆ ಹೇಳಿದರೆ ಸಾಕಿತ್ತು. ಅವರನ್ನ ಯಾಕ ತಗದ್ರಿ?" ಎಂದು ಕೇಳಿದರಂತೆ. ಯಾರು ಆ ಅಕ್ಕ ಎಂದು ವಿಚಾರಿಸುತ್ತ ಆಕೆ ಮೆಟ್ಟಿಲಿಳಿದು ನನ್ನ ಗೂಡಿಗೇ ಬಂದರು. ಸ್ಟೂಲು ಎಳೆದುಕೊಂಡು ಕೂತರು. ಇಡೀ ಫೈಲು ಆಗಲೇ ಓದಿಕೊಂಡಿದ್ದರು. ಕಾಲಿನ ವಿಷಯ ಎತ್ತಲಿಲ್ಲ. "ಈ ವಿಭಾಗ ನೀವು ನಡೆಸಬೇಕಾದರೆ ಏನೇನು ಬದಲಾಗಬೇಕು ಹೇಳಿ" ಎಂದು ಹಿಂದಿಯಲ್ಲಿ ಕೇಳಿದರು.

ಅಂಥ ಪ್ರಶ್ನೆಯನ್ನು ನನಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ಮೊದಲು ಟಾಯ್ಲೆಟ್ ಅಂದೆ. ಆಕೆಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು, ಆಮೇಲೆ ಮುಖ ಕೆಂಪಗಾಯಿತು. ವಿಭಾಗ ಗೋದಾಮಿನ ಜಾಗಕ್ಕೆ ಇಳಿಯಬೇಕು, ಫೈಲೆಲ್ಲ ಕೆಳಗಿರಬೇಕು, ಬಾಗಿಲಿಗೆ ಇಳಿಜಾರು ಬೇಕು ಅಂದೆ. ಮೈಸೂರಿನ ತರುಣ ನನ್ನ ಕೈಕೆಳಗೇ ಇರಲಿ, ನಾನು ಮಾತು ಕಲಿಸುತ್ತೇನೆ ಎಂದೂ ಅಂದೆ. ಆಕೆ ಎಲ್ಲವನ್ನೂ ಬರೆದುಕೊಂಡರು. ಕೊನೆಗೆ ಕೇಳಿದರು: "ಮಾರಾಟದ ಸಾಹೇಬರಿಗೆ ದಿನವೂ ಈ ಫೈಲುಗಳು ಬೇಕಾಗುತ್ತವಲ್ಲ. ಕೆಳಗಿನ ಆ ಕಿಟಕಿ ಪಕ್ಕದ ಖೋಲಿಗೆ ಅವರ ಕ್ಯಾಬಿನ್ನೂ ತರೋಣವೇ?"

ಖೋಲಿ ಖಾಲಿಯೇ ಇತ್ತು. ಗಾಳಿ ಬೆಳಕು ಬರುವ ಒಳ್ಳೆಯ ಖೋಲಿ. "ಅದು ಹಳೆಯ ದಾಖಲೆಗಳಿಗೆ ಬೇಕಾಗುತ್ತದೆ ಮೇಡಂ" ಅಂದೆ. ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಹಾಗೆಯೇ ಬರೆದುಕೊಂಡರು.

ದಾಖಲೆ ಇಡಲು ಎರಡು ಕಪಾಟು ಸಾಕಿತ್ತು. ಅದು ನನಗೆ ಚೆನ್ನಾಗಿ ಗೊತ್ತಿತ್ತು.

ಹೀಗೆ ಕುರ್ಚಿ ಸಿಕ್ಕಿತು. ಇಳಿಜಾರು ಬಂತು, ಕೆಳಗೇ ಟಾಯ್ಲೆಟ್ ಬಂತು. ಮೊದಲ ದಿನ ಮಟಮಟ ಮಧ್ಯಾಹ್ನ ಒಂದು ಚೆಂಬು ನೀರು ಗಟಗಟ ಕುಡಿದೆ. ಮಾವಶಿ ನೋಡಿ ನಕ್ಕಳು. ನಮ್ಮ ವಿಭಾಗದ ಜನರೆಲ್ಲ ಇಳಿದು ಬಂದ ಮೇಲೆ ಎರಡನೇ ಮಹಡಿಯ ಆ ಭಾಗದಲ್ಲಿ ಸಾಹೇಬರು ಒಬ್ಬರೇ ಉಳಿದರು, ಒಂದು ಮೇಜು, ಕೆಳಗೆ ಸದ್ದಾಗುವ ಕರೆಗಂಟೆಯ ಒಂದು ಗುಂಡಿ. ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟಕ್ಕೇ ಬಿಡಲಿಲ್ಲ. ಒಂದು ನಿಯಮ ಮಾಡಿದೆ. ಫೈಲು ಕಳೆದುಹೋಗುತ್ತವೆ ಎಂಬ ನೆಪ, ಒಂದು ಸಲಕ್ಕೆ ಒಂದೇ ಫೈಲು. ಹಿಂದಿನದು ಬಂದ ಮೇಲೆಯೇ ಮುಂದಿನದು. ಬೇಸತ್ತು ತಾವೇ ಇಳಿದು ಬರುತ್ತಾರೆ, ಬಂದು ನನ್ನ ಮೇಜಿನ ಮುಂದೆ ನಿಲ್ಲುತ್ತಾರೆ ಎಂದು ಲೆಕ್ಕ ಹಾಕಿದ್ದೆ.

ಅವರೇಕೆ ಇಳಿದಾರು? ಗಂಟೆ ಒತ್ತಿದರು.

ಗಂಟೆ ಬಾರಿಸಿದರೆ ಮೇಲೆ ಹೋಗಬೇಕಾದವಳು ಮಾವಶಿ. ಹೋಗಿ ಯಾವ ಫೈಲು ಎಂಬ ಚೀಟಿ ತರಬೇಕು. ನಾವು ತೆಗೆದು ಕೊಟ್ಟ ಫೈಲು ಒಯ್ಯಬೇಕು. ಮುಗಿದ ಮೇಲೆ ಅದನ್ನು ಇಳಿಸಬೇಕು. ಮತ್ತೆ ಗಂಟೆ. ಮೊದಲ ವಾರದಲ್ಲೇ ನನಗೆ ಗೊತ್ತಾಯಿತು, ನಡೆಯುತ್ತಿರುವವಳು ಯಾರು ಎಂದು. ಗೊತ್ತಾಗಲಿಲ್ಲ ಎಂದು ನಾನು ಹೇಳಲಾರೆ, ಆಕೆಯ ರಬ್ಬರ್ ಚಪ್ಪಲಿಯ ಸದ್ದು ನನ್ನ ಮೇಜಿಗೆ ಕೇಳುತ್ತಿತ್ತು. ನಿಯಮ ಸಡಿಲಿಸಿದರೆ ಅವರು ಗೆದ್ದಂತೆ. ಇನ್ನೊಂದು ವಾರ ನೋಡೋಣ, ಅವರೇ ಸೋಲುತ್ತಾರೆ ಅಂದುಕೊಂಡೆ. ಮೇಲೆ ಅವರೂ ಅದನ್ನೇ ಅಂದುಕೊಂಡಿರಬೇಕು. ಇಬ್ಬರೂ ಒಂದೇ ಮಣ್ಣಿನವರಲ್ಲವೇ. ವಾರ ತಿಂಗಳಾಯಿತು. ಮಳೆಗಾಲ ಬಂತು, ಮೆಟ್ಟಿಲು ಒದ್ದೆಯಾಯಿತು. ಮಾವಶಿ ಕಂಬಿ ಹಿಡಿದು ಹತ್ತುವುದನ್ನು ಶುರುಮಾಡಿದಳು. ಆಗ ನಾನು ನನ್ನ ಕುರ್ಚಿಯನ್ನು ಮೆಟ್ಟಿಲು ಕಾಣದ ಹಾಗೆ ಸ್ವಲ್ಪ ತಿರುಗಿಸಿಕೊಂಡೆ. ಅದನ್ನೂ ಮಾಡಿದ್ದೇನೆ.

ಆಕೆ ನನ್ನನ್ನು ಪೋರಿ ಅನ್ನುವುದು ಯಾವಾಗ ನಿಂತಿತೋ ಗಮನಿಸಲಿಲ್ಲ. ಮ್ಯಾಡಮ್ ಅನ್ನುತ್ತಿದ್ದಳು. ಕುರ್ಚಿಗೆ ಕೊಡುವ ಮರ್ಯಾದೆ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ ಕೂಡ.

ದೀಪಾವಳಿ ಹತ್ತಿರವಾದಾಗ ಒಂದು ಮಧ್ಯಾಹ್ನ ಗಂಟೆ ಬಾರಿಸಿತು. ಮತ್ತೆ ಬಾರಿಸಿತು. ಚಪ್ಪಲಿಯ ಸದ್ದಿಲ್ಲ. ಎದ್ದು ಹೋಗಿ ನೋಡಿದೆ. ಮಾವಶಿ ನಾಲ್ಕನೇ ಮೆಟ್ಟಿಲ ಮೇಲೆ ಕೂತಿದ್ದಳು, ತೊಡೆಯ ಮೇಲೆ ಫೈಲು. ಸೀರೆ ಮೇಲೆತ್ತಿ ಎರಡೂ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಬಾತು ಹೊಳೆಯುತ್ತಿದ್ದವು.

"ಮಾವಶೀ, ಕಾಯ ಝಾಲಂ?" ಎಂದು ಕೇಳಿದೆ, ಏನಾಯಿತು ಎಂದು.

ಆಕೆ ತಲೆ ಎತ್ತದೆ ಹೇಳಿದಳು: "ತುಮ್ಹೀ ದೋಘಂ ಕಾನಡೀ ಭಾಂಡತಾ. ಚಾಲತೇ ಮೀ."

ನೀವಿಬ್ಬರು ಕನ್ನಡದವರು ಜಗಳಾಡುತ್ತೀರಿ. ನಡೆಯುವವಳು ನಾನು.

ಕನ್ನಡದ ಇಬ್ಬರು ಎಂದು ನಮ್ಮನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿಬಿಟ್ಟಳು. ಆ ಮನುಷ್ಯನ ಜೊತೆ ನನ್ನನ್ನು! ಕಪಾಳಕ್ಕೆ ಬಿದ್ದ ಹಾಗಾಯಿತು. ಆದರೆ ಆಕೆಯ ಕಡೆಯಿಂದ ನೋಡಿದರೆ ಬೇರೆ ಏನು ಕಾಣಬೇಕು? ಎರಡೂ ಕಡೆಯವರು ಕೂತೇ ಇದ್ದರು. ಫೈಲು ಆಕೆಯ ಕೈಯಿಂದ ಇಸಿದುಕೊಂಡೆ. ನಮ್ಮ ವಿಭಾಗದೊಳಗೆ ಕರೆದೊಯ್ದು ಬೆನ್ನಿರುವ ಕುರ್ಚಿಯ ಮೇಲೆ ಕೂಡಿಸಿದೆ. ಆಮೇಲೆ ಟೈಪ್ ಮಾಡಿದೆ: ಇನ್ನು ಮುಂದೆ ದೂರಿನ ಫೈಲು ಬೇಕಾದ ಅಧಿಕಾರಿ ಖುದ್ದಾಗಿ ಬಂದು, ರಿಜಿಸ್ಟರಿನಲ್ಲಿ ಸಹಿ ಮಾಡಿ ಒಯ್ಯಬೇಕು, ಸಿಪಾಯಿಗಳ ಕೈಯಲ್ಲಿ ಕೊಡಲಾಗುವುದಿಲ್ಲ. ಜನರಲ್ ಮ್ಯಾನೇಜರ್ ಮುಂದೆ ಇಟ್ಟೆ. ಓದಿ, ಸಹಿ ಹಾಕಿ, "ಇದನ್ನು ಮೊದಲೇ ಮಾಡಬಹುದಿತ್ತು" ಅಂದರು. ಅವರಿಗೆ ಎಲ್ಲ ಗೊತ್ತಿತ್ತು ಅನ್ನಿಸುತ್ತದೆ.

ಎರಡು ದಿನ ಗಂಟೆ ಬಾರಿಸುತ್ತಲೇ ಇತ್ತು. ಯಾರೂ ಏಳಲಿಲ್ಲ. ಮೂರನೇ ದಿನ ಬೂಟಿನ ಸದ್ದು ಕೇಳಿಸಿತು.

ಸಾಹೇಬರು ಬಂದು ನನ್ನ ಮೇಜಿನ ಮುಂದೆ ನಿಂತರು. ಉಸಿರು ಹತ್ತಿತ್ತು. ನಾನು ಬರೆಯುತ್ತಿದ್ದ ಸಾಲು ಮುಗಿಸಿದೆ, ಇನ್ನೊಂದು ಸಾಲನ್ನೂ ಬರೆದೆ. ಕೂಡ್ರಿ ಅನ್ನಲಿಲ್ಲ.

"ಏನವಾ ತಂಗಿ, ಈ ವಯಸ್ಸಿನ್ಯಾಗ ನನ್ನ ಹಿಂಗ ನಡಸ್ತೀಯೇನು?" ಅಂದರು.

"ಇಲ್ಲಿ ಸಹಿ ಮಾಡ್ರಿ ಸರ."

"ನಮ್ಮ ಕಡೀ ಹೆಣ್ಣಮಗಳು ಅಂತ ನಾನ ನಿನ್ನ ಕೆಲಸಕ್ಕ ಹಚ್ಚಿದವ. ಮರ್ತಿ?"

"ಮರ್ತಿಲ್ರಿ. 'ಬಸಲೀ ತರ ಚಾಲೇಲ' ಅಂದಿದ್ರಿ. ಕುಂತೀನಲ್ರಿ."

ಅವರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಮುಖದಿಂದ ರಕ್ತ ಇಳಿಯುವುದನ್ನು ನಾನು ಕಣ್ಣಾರೆ ಕಂಡೆ. ಅಷ್ಟು ವರ್ಷ ನನ್ನ ಎದುರಿಗೇ ಮರಾಠಿಯಲ್ಲಿ ಏನೇನು ಅಂದಿದ್ದರೋ ಎಲ್ಲ ಒಂದೊಂದಾಗಿ ನೆನಪಾಗುತ್ತಿರಬೇಕು. "ಮೆಟ್ಟಿಲಾ ಹತ್ತಾಕ ಆಗಂಗಿಲ್ಲ ಅಂತ ಬರದು ಕೊಡ್ರಿ ಸರ, ಪರಿಗಣಿಸ್ತೀವಿ" ಎಂದು ಸೇರಿಸಿದೆ. ಅವರು ಬಗ್ಗಿ ಸಹಿ ಮಾಡಿ, ಫೈಲು ಎತ್ತಿಕೊಂಡು ಹೋದರು. ಅಂಥ ಸುಖ ನನ್ನ ಜೀವನದಲ್ಲಿ ಬಹಳ ಸಲ ಸಿಕ್ಕಿಲ್ಲ. ಇವತ್ತಿಗೂ ನೆನೆದರೆ ಬಾಯಿ ಸಿಹಿಯಾಗುತ್ತದೆ. ಇದನ್ನು ಬರೆಯುವಾಗ ನನ್ನಲ್ಲಿ ಪಶ್ಚಾತ್ತಾಪ ಹುಡುಕುವವರು ಹುಡುಕಲಿ.

ಅವತ್ತಿನಿಂದ ದಿನಕ್ಕೆ ನಾಲ್ಕೈದು ಸಲ ಇಳಿದರು, ಹತ್ತಿದರು. ಎರಡು ವರ್ಷಕ್ಕೂ ಮೇಲೆ, ನಿವೃತ್ತಿಯಾಗುವ ತನಕ. ಮಾವಶಿಗೆ ಮಾತ್ರ ಆ ಬೆನ್ನಿರುವ ಕುರ್ಚಿ ಕೆಲಸಕ್ಕೆ ಬರಲಿಲ್ಲ. ದೀಪಾವಳಿ ರಜೆಗೆ ಹೋದವಳು ಮರಳಲಿಲ್ಲ. ಮೊಣಕಾಲು ಕೂತುಬಿಟ್ಟಿವೆ, ಇನ್ನು ಆಗುವುದಿಲ್ಲ ಎಂದು ಪಕ್ಕದ ಮನೆಯವರಿಂದ ಹೇಳಿ ಕಳಿಸಿದಳು. ಹೋಗಿ ನೋಡಬೇಕು ಅಂದುಕೊಂಡೆ. ಆಕೆಯ ವಸ್ತಿ ಆಫೀಸಿನಿಂದ ಹತ್ತು ನಿಮಿಷದ ದಾರಿ. ಹೋಗಲಿಲ್ಲ. ಕೆಲಸ ಬಹಳ ಇತ್ತು ಎಂದು ಬರೆಯಬಹುದಿತ್ತು, ಆದರೆ ಇಷ್ಟು ಹೊತ್ತು ನಿಜ ಹೇಳಿ ಇಲ್ಲಿ ಯಾಕೆ ಸುಳ್ಳು. ಮುಖ ತೋರಿಸಲು ಧೈರ್ಯವಿರಲಿಲ್ಲ.

ಸಾಹೇಬರ ಬೀಳ್ಕೊಡುಗೆಯ ದಿನ ಶಾಲು, ತೆಂಗಿನಕಾಯಿ, ಭಾಷಣ. ಕೊನೆಗೆ ಅವರೇ ಮೈಕು ಹಿಡಿದು ಮರಾಠಿಯಲ್ಲಿ ಮಾತಾಡಿದರು. ನನ್ನ ಕಡೆ ಕೈ ತೋರಿಸಿ ಅವರಂದದ್ದು ಇಷ್ಟು: ಈ ನಮ್ಮ ಮ್ಯಾಡಮ್ ನನ್ನನ್ನು ಮೆಟ್ಟಿಲು ಹತ್ತಿಸಿ ಇಳಿಸಿ ಉಪಕಾರ ಮಾಡಿದರು, ನನಗೆ ಸಕ್ಕರೆ ಕಾಯಿಲೆ ಜೋರಾಗಿತ್ತು, ಈಗ ಹತೋಟಿಗೆ ಬಂದಿದೆ, ಹೊಟ್ಟೆ ಕರಗಿದೆ, ಡಾಕ್ಟರೇ ಬೆರಗಾದರು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ಇಳಿದು ಬಂದು ನನ್ನ ಮುಂದೆ ನಿಂತು, "ಖರೇನ ಹೇಳ್ತೀನಿ ತಂಗಿ, ನಿನ್ನಿಂದ ಹತ್ತು ವರ್ಷ ಹೆಚ್ಚಿಗಿ ಬದಕ್ತೀನಿ" ಅಂದರು. ಚುಚ್ಚುವುದಕ್ಕೆ ಅಂದದ್ದಲ್ಲ. ನಿಜವಾಗಿಯೂ ಕೃತಜ್ಞತೆಯಿಂದಲೇ ಅಂದರು. ನನ್ನ ಸೇಡನ್ನು ಔಷಧಿಯಂತೆ ಕುಡಿದು ಅರಗಿಸಿಕೊಂಡು ಗಟ್ಟಿಯಾಗಿ ಎದ್ದುಹೋಗುತ್ತಿದ್ದ ಆ ಮನುಷ್ಯನ ಬೆನ್ನು ನೋಡುತ್ತ ಹಲ್ಲು ಕಡಿದೆ.

ಮುಂದಿನ ಭಾನುವಾರ ಯೆರವಡಾಕ್ಕೆ ಹೋದೆ. ಕಿತ್ತಲೆ ಒಯ್ದಿದ್ದೆ. ವಸ್ತಿಯ ಓಣಿಯಲ್ಲಿ ಕೇಳುತ್ತ ಕೇಳುತ್ತ ಮನೆ ಮುಟ್ಟಿದೆ. ಕೆಳಗೆ ಬೇರೆ ಸಂಸಾರ, ಮೇಲೆ ತಗಡಿನ ಒಂದು ಖೋಲಿ, ಅದು ಮಾವಶಿಯದು. ಹತ್ತಲು ಗೋಡೆಗೆ ಆನಿಸಿದ ಕಬ್ಬಿಣದ ಏಣಿ, ಕಡಿದಾದದ್ದು, ಕಂಬಿ ಇಲ್ಲ. ಕೆಳಗೆ ನಿಂತು ಕೂಗಿದೆ. ಆಕೆ ತೆವಳಿಕೊಂಡು ಬಾಗಿಲಿಗೆ ಬಂದು ತಲೆ ಹೊರಗೆ ಹಾಕಿದಳು. ಬಹಳ ಸಣ್ಣಗಾಗಿದ್ದಳು.

"ಅಗ ಪೋರೀ, ತೂ?" ಅಂದಳು. "ಯೇ ನಾ ವರ." ಮೇಲೆ ಬಾ ಎಂದು.

ನಾನು ಏಣಿ ನೋಡಿದೆ. ಆಕೆಯೂ ನನ್ನ ಕಾಲು ನೋಡಿದಳು. ನೀವೇ ಇಳಿದು ಬನ್ನಿ ಎಂದು ಬಾಯಿಗೆ ಬಂದ ಮಾತನ್ನು ನುಂಗಿದೆ. ಆಕೆ ಆ ಖೋಲಿಯಿಂದ ಇಳಿದು ಎಷ್ಟು ಕಾಲವಾಯಿತೋ ಕೇಳಲು ಬಾಯಿ ಬರಲಿಲ್ಲ. ಸ್ವಲ್ಪ ತಡಿ ಎಂದು ಕೈಸನ್ನೆ ಮಾಡಿ ಒಳಗೆ ಹೋದಳು. ಹತ್ತು ನಿಮಿಷದ ಮೇಲೆ ತರಕಾರಿ ಇಳಿಸುವ ಹಗ್ಗದ ಚೀಲ ಕೆಳಗೆ ಬಂತು. ಅದರಲ್ಲಿ ಮುಚ್ಚಳ ಹಾಕಿದ ಸ್ಟೀಲಿನ ಡಬ್ಬಿ, ಒಳಗೆ ಚಹಾ. ನಾನು ಓಣಿಯಲ್ಲಿ ನಿಂತು ಕುಡಿದೆ. ಆಕೆ ಮೇಲೆ ಕೂತು ನೋಡುತ್ತಿದ್ದಳು.

"ಸಾಹೇಬ ಕಸೇ ಆಹೇತ?" ಎಂದು ಕೇಳಿದಳು.

ಸಾಹೇಬರು ಹೇಗಿದ್ದಾರೆ. "ಠಣಠಣೀತ" ಅಂದೆ. ಗಟ್ಟಿಮುಟ್ಟಾಗಿದ್ದಾರೆ.

"ಬರಂ ಝಾಲಂ" ಅಂದಳು, ಒಳ್ಳೆಯದಾಯಿತು ಎಂದು. ಆಕೆಯ ದನಿಯಲ್ಲಿ ವ್ಯಂಗ್ಯ ಹುಡುಕಿದೆ. ಇರಲಿಲ್ಲ.

ಖಾಲಿ ಡಬ್ಬಿಯನ್ನೂ ಕಿತ್ತಲೆಗಳನ್ನೂ ಚೀಲದಲ್ಲಿಟ್ಟೆ. ಆಕೆ ಎರಡೂ ಕೈಯಿಂದ ಹಗ್ಗ ಜಗ್ಗತೊಡಗಿದಳು. ಭಾರವಾಗಿತ್ತೇನೋ, ನಡುವೆ ಎರಡು ಸಲ ನಿಂತು ದಮ್ಮು ತೆಗೆದುಕೊಂಡಳು. ಕೆಳಗಿನಿಂದ ನಾನು ಏನೂ ಮಾಡುವ ಹಾಗಿರಲಿಲ್ಲ.